ಗಂಧಕದ ಹೊಗೆ ಹೋದ ದಾರಿ

ನಮ್ಮ ಓಣಿಯವರು ಈ ಕತೆಯನ್ನು ಹೇಳುವ ಬಗೆ ಹೀಗೆ: ರಂಗರೇಜ ಚಾಚಾನ ಕೋಣೆಯಿಂದ ಬರುವ ಗಂಧಕದ ಹೊಗೆಗೆ ಇಡೀ ಓಣಿ ಕೆಮ್ಮುತ್ತಿತ್ತು. ವಕೀಲರ ಮನೆಯ ಕಾಲೇಜು ಹುಡುಗಿ ಒಂದು ಡಬ್ಬಿ ತಂದು ಇಟ್ಟಳು. ಹೊಗೆ ಮಾಯವಾಯಿತು. ಮುನಸಿಪಾಲಿಟಿಯ ಸಾಹೇಬರು ಬಂದು ಶಾಬ್ಬಾಸ್ ಅಂದು ಹೋದರು.

ಇದನ್ನು ನನ್ನೆದುರಿಗೇ, ನನ್ನ ಬೆನ್ನು ತಟ್ಟುತ್ತ ಹೇಳುತ್ತಾರೆ. ನಾನು ಆಕ್ಷೇಪಿಸಿದರೆ ಅದನ್ನೂ ವಿನಯವೆಂದು ಎಣಿಸುತ್ತಾರೆ. ವಿನಯದ ವಿಷಯದಲ್ಲಿ ನನ್ನ ಮೇಲೆ ಈವರೆಗೆ ಇನ್ನಾರೂ ಇಂಥ ಆರೋಪ ಹೊರಿಸಿಲ್ಲ. ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ ಎದುರಾಳಿಯ ವಾಕ್ಯವನ್ನು ಪದಪದವಾಗಿ ಬಿಡಿಸಿ ನೋಡುವುದು. ನೋಡಿದರೆ, ಡಬ್ಬಿ ನಾನು ತಂದದ್ದಲ್ಲ. ಹೊಗೆ ಮಾಯವಾಗಲಿಲ್ಲ. ಸಾಹೇಬರಿಗೆ ಶಾಬ್ಬಾಸ್ ಅನ್ನಲು ಉಸಿರೇ ಇರಲಿಲ್ಲ. ಇನ್ನು ಕತೆಯಲ್ಲಿ ಬಿಟ್ಟೇ ಹೋದ ಮಾತೊಂದಿದೆ. ಚಾಚಾನ ಕೋಣೆಗೆ ಬೀಗ ಹಾಕಿಸಲು ಹೊರಟ ಅರ್ಜಿಯ ಅಕ್ಷರ ನನ್ನದೇ.

ಹುಬ್ಬಳ್ಳಿಯ ದುರ್ಗದಬೈಲಿನಿಂದ ಒಳಕ್ಕೆ ಸರಿಯುವ ಓಣಿಯಲ್ಲಿ ನನ್ನ ಕಾಕಾನ ಮನೆ. ಓದಿಗೆಂದು ಅಲ್ಲಿ ಇದ್ದೆ. ಬೆಳಿಗ್ಗೆ ರೈಲು ಹತ್ತಿ ಧಾರವಾಡದ ಕಾಲೇಜಿಗೆ, ಸಂಜೆ ರೈಲು ಇಳಿದು ಹುಬ್ಬಳ್ಳಿಗೆ. ಕಾಕಾ ವಕೀಲ. ಕೋರ್ಟಿನಲ್ಲಿ ಬಾಯಿ ತೆರೆಯುವ ಸಂದರ್ಭ ಕಡಿಮೆ ಸಿಗುತ್ತಿದ್ದುದರಿಂದ ಅಲ್ಲಿ ಉಳಿದದ್ದನ್ನೆಲ್ಲ ಮನೆಗೆ ತಂದು ಆಡುತ್ತಿದ್ದ. ಹಿತ್ತಲಿನ ಗೋಡೆಯಾಚೆ ಚಾಚಾ, ಚಾಚಿ. ಗೋಡೆ ಎದೆಯೆತ್ತರದ್ದು. ಅದರ ಮೇಲಿಂದ ಕಾಕಾನ ಹೆಂಡತಿ ಚಿಗವ್ವನ ಕರಿಬೇವು ಆಚೆ ಹೋಗುತ್ತಿತ್ತು, ಚಾಚಿಯ ನಿಂಬೆಹಣ್ಣು ಈಚೆ ಬರುತ್ತಿತ್ತು. ಇಪ್ಪತ್ತು ವರ್ಷದ ಈ ವ್ಯವಹಾರ ಕಾಕಾನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದಂತೆ ಇರುವುದು ಆತನಿಗೆ ಅನುಕೂಲವಾಗಿತ್ತು.

ಚಾಚಾ ರೇಷ್ಮೆಗೆ ಬಣ್ಣ ಹಾಕುವವನು. ತಿಳಿ ಬಣ್ಣ ಹತ್ತಬೇಕಾದರೆ ಹಳದಿ ರೇಷ್ಮೆಯನ್ನು ಮೊದಲು ಬೆಳ್ಳಗೆ ಮಾಡಬೇಕು. ಅದಕ್ಕೆಂದೇ ಕಿಟಕಿಯಿಲ್ಲದ ಒಂದು ಕೋಣೆ. ಒದ್ದೆ ಲಡಿಗಳನ್ನು ಬಿದಿರಿನ ಗಳಕ್ಕೆ ತೂಗುಬಿಟ್ಟು, ಕೆಳಗೆ ಕಬ್ಬಿಣದ ಬಾಣಲೆಯಲ್ಲಿ ಗಂಧಕ ಹೊತ್ತಿಸಿ, ಬಾಗಿಲಿನ ಸಂದಿಗೆ ಸೆಗಣಿ ಮೆತ್ತಿ ಬಿಡುವುದು. ಮುಂಜಾನೆ ಮುಚ್ಚಿದ ಬಾಗಿಲನ್ನು ಮಧ್ಯಾಹ್ನದ ಮೇಲೆ ತೆರೆದರೆ ರೇಷ್ಮೆ ಮಲ್ಲಿಗೆಯಾಗಿರುತ್ತಿತ್ತು. ಓಣಿ ಮಾತ್ರ ಮೆಣಸಿನಕಾಯಿ ಸುಟ್ಟಂತಾಗುತ್ತಿತ್ತು. ಗಂಟಲಿಗೆ ಯಾರೋ ಚಿವುಟಿದ ಹಾಗೆ, ಹಲ್ಲಿಗೆ ಹುಳಿ ಹಿಡಿದ ಹಾಗೆ.

ಅಷ್ಟಾದರೂ ಜನ ಇಪ್ಪತ್ತು ವರ್ಷ ಸುಮ್ಮನೇ ಕೆಮ್ಮಿದ್ದರು. ಜಗಳ ಎದ್ದದ್ದು ದಾಸವಾಳದಿಂದ. ಹಿತ್ತಲ ಗೋಡೆಗೆ ಒರಗಿ ಬೆಳೆದ ಆ ಗಿಡದ ರಕ್ತಗೆಂಪು ಹೂವೇ ದಿನಾ ಕಾಕಾನ ಗಣಪತಿಗೆ ಏರುತ್ತಿತ್ತು. ಗಂಧಕದ ದಿನ ಆಚೆಯ ಹೊಗೆ ಗೋಡೆ ದಾಟಿ ಬಂದರೆ ಹೂವಿನ ಮೇಲೆ ಬಿಳಿ ಮಚ್ಚೆ ಏಳುತ್ತಿದ್ದವು. ಒಂದು ದಿನವಂತೂ ಅರ್ಧ ಕೆಂಪು ಅರ್ಧ ಬಿಳಿ ಹೂವನ್ನು ಕಾಕಾ ಜಗಲಿಗೆ ತಂದು ಪಂಚನಾಮೆಗೆ ಇಟ್ಟಂತೆ ಇಟ್ಟ.

"ಗಣಪತಿಗೆ ಕೆಂಪು ಹೂವು ಬೇಕು. ಇದನ್ನ ಏರಿಸಿದ್ರ ಆತ ಏನ್ ತಿಳಕೊಂಡಾನು?"

"ಆತ ಏನೂ ತಿಳಕೊಳ್ಳಂಗಿಲ್ಲ," ಎಂದಳು ಚಿಗವ್ವ. "ಸಿಟ್ಟು ಬಂದಿದ್ದು ನಿಮಗ."

ಕಾಕಾ ನನ್ನ ಕಡೆ ತಿರುಗಿದ. ಅದೇ ವಾರ ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಂದು ಕಪ್ಪು ಗೆದ್ದು ತಂದಿದ್ದೆ. "ಏನವಾ, ಕಪ್ ಗೆದ್ದಾಕಿ, ಮುನಸಿಪಾಲ್ಟಿಗೆ ಒಂದು ಅರ್ಜಿ ಬರಿ ನೋಡೂಣು. ನಿನ್ನ ಇಂಗ್ಲೀಷು ಬರೇ ಕಪ್ಪಿನಾಗ ಕೊಳೀಬಾರದು."

ಬರೆದೆ. ನಾಲ್ಕು ಫುಲ್‌ಸ್ಕೇಪ್ ಹಾಳೆ. ಚಾಚಾನ ಕೋಣೆಯ ಒಳಗೆ ನಾನು ಎಂದೂ ಕಾಲಿಟ್ಟಿರಲಿಲ್ಲ, ಆದರೆ ಚರ್ಚೆಗೆ ನಿಂತವರಿಗೆ ಅದು ಅಡ್ಡಿಯಲ್ಲ. ಎರಡನೆಯ ಹಾಳೆಯಲ್ಲಿ "ಇಂದು ಈ ಓಣಿಯಲ್ಲಿ ನಾಗರಿಕತೆಯೇ ಕೆಮ್ಮುತ್ತಿದೆ" ಎಂದು ಬರೆದಿದ್ದೆ. ಆ ವಾಕ್ಯವನ್ನು ಕಾಕಾ ಮೂರು ಸಲ ಓದಿಸಿಕೊಂಡ.

ಹತ್ತು ದಿನಕ್ಕೆ ಚಾಚಾ ಕೈಯಲ್ಲಿ ಕಾಗದ ಹಿಡಿದು ನಮ್ಮ ಮನೆಯ ಮೆಟ್ಟಿಲಿಗೆ ಬಂದ. ಕಾಕಾ ಕೋರ್ಟಿಗೆ ಹೋಗಿದ್ದ. "ಬೇಟಿ, ಇದೇನೋ ಇಂಗ್ಲೀಷಿನಾಗ ಐತಿ. ಸ್ವಲ್ಪ ಓದಿ ಹೇಳು."

ಮೇಲೆ ನೋಟೀಸು, ಕೆಳಗೆ ನನ್ನ ಅರ್ಜಿಯ ನಕಲು. ಇನ್ನು ಹದಿನೈದು ದಿನಕ್ಕೆ ಆರೋಗ್ಯ ಇನ್‌ಸ್ಪೆಕ್ಟರ್ ಬರುತ್ತಾರೆ. ಕೋಣೆಯ ಹೊಗೆ ಹೊರಗೆ ಹಬ್ಬಿದ್ದು ಕಂಡರೆ ಆಗಲೇ ಬೀಗ. ಅದನ್ನು ಹೇಳಿದೆ. ಚಾಚಾ ಅರ್ಜಿಯ ಮೇಲೆ ಬೆರಳಿಟ್ಟ. "ಇದರಾಗೇನ್ ಬರದಾರ?" ನನ್ನ ವಾಕ್ಯಗಳನ್ನೇ ನಾನು ಕನ್ನಡ ಮಾಡಿ ಅವನಿಗೆ ಓದಿ ಹೇಳಬೇಕಾಯಿತು. ಇಂಗ್ಲಿಷಿನಲ್ಲಿ ಗುಡುಗಿದ್ದ ಮಾತುಗಳು ಕನ್ನಡದಲ್ಲಿ, ಅದೂ ಆತನ ಮುಖ ನೋಡಿಕೊಂಡು ಹೇಳುವಾಗ, ಬರೇ ಗೊಣಗಾಟದಂತೆ ಕೇಳಿದವು.

"ನಾಗರಿಕತೆ ಕೆಮ್ಮಾಕತ್ತೇತಿ ಅಂತ ಬರದಾರ, ಚಾಚಾ."

"ಅದು ಯಾರ ಮನ್ಯಾಗ ಇರ್ತೈತಿ?"

ಚಾಚಾ ಮೆಟ್ಟಿಲ ಮೇಲೆ ಕುಳಿತ. "ಬೆಳ್ಳಗ ಮಾಡದಿದ್ರ ನೇಕಾರ್ರು ನನ್ನ ಕಡೆ ರೇಷ್ಮಿ ಕೊಡಂಗಿಲ್ಲ ಬೇಟಿ. ಮದುವಿ ಸೀರಿ ಬಣ್ಣ ಎಲ್ಲಾ ತಿಳಿ ಬಣ್ಣ. ಈ ಓಣಿ ಬಿಟ್ರ ಗಂಧಕ ಸುಡೋ ಮನಶ್ಯಾಗ ಊರಾಗ ಯಾರ್ ಮನಿ ಕೊಡ್ತಾರ? ನೀನಽ ಹೇಳು."

"ಚಾಚಾ, ಅರ್ಜಿ ಬರದಾಕಿ ನಾನಽ."

ಬೈಯುತ್ತಾನೆಂದು ತಯಾರಾಗಿ ನಿಂತೆ. ಬೈದಿದ್ದರೆ ಎದುರುವಾದ ಮಾಡಬಹುದಿತ್ತು. "ಖರೇನ?" ಎಂದ. "ಬಾಳ ಛಲೋ ಬರದಿ. ಈಗ ನನ್ನ ಕಡಿಂದಾನೂ ಒಂದು ಬರಿ."

ಎರಡೂ ಬದಿಯಿಂದ ವಾದಿಸುವುದು ನನಗೆ ಹೊಸದಲ್ಲ. ಆದರೆ ಹೊಗೆಯ ಪರವಾಗಿ ಏನು ಬರೆಯುವುದು? ಎರಡು ದಿನ ಹಾಳೆ ಹರಿದೆ. ಮೂರನೆಯ ದಿನ ಕಾಲೇಜಿನಲ್ಲಿ ದಾರಿ ಕಂಡಿತು. ಯುದ್ಧದ ಕಾಲ. ವಿಷಗಾಳಿ ಬಂದರೆ ಹಾಕಿಕೊಳ್ಳುವ ಮುಖವಾಡವನ್ನು ಒಬ್ಬ ಅಧಿಕಾರಿ ತಂದು ತೋರಿಸಿದ. ಹುಬ್ಬಳ್ಳಿಯ ಮೇಲೆ ವಿಷಗಾಳಿ ಬಿಡಲು ಯಾರಿಗೆ ಪುರುಸೊತ್ತಿದೆ ಎಂದು ನಾನು ಕೇಳಿದೆ; ಆತ ಕೇಳಿಸದವನಂತೆ ಮುಂದುವರಿದ. ಮುಖವಾಡದ ಮೂತಿಗೆ ಒಂದು ಡಬ್ಬಿ, ಡಬ್ಬಿಯೊಳಗೆ ತೆಂಗಿನ ಕರಟದ ಇದ್ದಿಲು. ಆ ಇದ್ದಿಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಲೆಕ್ಕವಿಲ್ಲದಷ್ಟು. ಕೆಟ್ಟ ಗಾಳಿ ಅವುಗಳಲ್ಲಿ ಹೊಕ್ಕು ಕೂತುಬಿಡುತ್ತದೆ, ಒಳ್ಳೆಯ ಗಾಳಿ ಮಾತ್ರ ಹೊರಬೀಳುತ್ತದೆ. ಮೂಗಿಗೆ ಹಾಕುವುದನ್ನು ಕೋಣೆಗೆ ಹಾಕಿದರೇನು?

ಡಬ್ಬಿ ಮಾಡಿದವನು ಚಾಚಾ. ಸೀಮೆಎಣ್ಣೆಯ ಖಾಲಿ ಡಬ್ಬಿಯ ತಳಕ್ಕೆ ತೂತು ಹೊಡೆದು, ಕೋಣೆಯ ಗೋಡೆಗೆ ಕಂಡಿ ಕೊರೆದು ಅದರ ಬಾಯಿಗೆ ಕೂರಿಸಿದ. ಹೊಗೆಯನ್ನು ನೂಕಲು ಕಮ್ಮಾರನ ತಿದಿ ಕೇಳಿ ತಂದ. ತುಂಬಲು ನಾನು ಅಡಿಗೆಮನೆಯ ಸಾದಾ ಇದ್ದಿಲನ್ನೇ ಕೊಟ್ಟೆ. ಇದ್ದಿಲು ಇದ್ದಿಲೇ ಅಲ್ಲವೇ ಎಂಬುದು ನನ್ನ ವಾದ. ಚಾಚಾ ತಿದಿ ಒತ್ತಿದ. ಹೋದ ಹೊಗೆ ಹೋದಂತೆಯೇ ಹೊರಬಂತು. ಜೊತೆಗೆ ಇದ್ದಿಲ ಪುಡಿಯೂ ಬಂದು ಚಾಚಾನ ಬಿಳಿ ಗಡ್ಡ ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. ಇದು ಯಾಕೆ ಫಲಿಸಬೇಕಾಗಿತ್ತು ಎಂಬುದನ್ನು ನಾನು ಅಲ್ಲೇ ನಿಂತು ಕೆಮ್ಮುತ್ತ ಬಹಳ ಹೊತ್ತು ವಿವರಿಸಿದೆ.

ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ನಮಗ ತಿಳೀತವಾ. ಹೊಗಿಗೆ ತಿಳಿದಂಗ ಕಾಣಲಿಲ್ಲ."

ಸೋತ ಮೇಲೆ ಪುಸ್ತಕ ತೆರೆದೆ. ಮೊದಲೇ ತೆರೆಯಬಹುದಿತ್ತು ಎಂದು ಯಾರೂ ಹೇಳಬೇಕಾಗಿಲ್ಲ. ಕರಟದ್ದೇ ಇದ್ದಿಲಾಗಬೇಕು, ಅದೂ ಕೆಂಪಗೆ ಕಾದಿರುವಾಗ ಅದರೊಳಗೆ ಉಗಿ ಹಾಯಿಸಬೇಕು, ಆಗಲೇ ಆ ತೂತುಗಳು ಬಿಚ್ಚಿಕೊಳ್ಳುವುದು. ಕರಟದ ಚಿಂತೆ ಇರಲಿಲ್ಲ. ಕಾಕಾ ಗಣಪತಿಗೆ ಒಡೆದ ಕಾಯಿಗಳ ಕರಟ ನಮ್ಮ ಬಚ್ಚಲ ಒಲೆಯ ಪಕ್ಕದಲ್ಲಿ ರಾಶಿ ಬಿದ್ದಿತ್ತು. ಚಿಗವ್ವ ಅದನ್ನೆಲ್ಲ ಬುಟ್ಟಿ ತುಂಬಿ ಗೋಡೆ ದಾಟಿಸಿದಳು. ಹೀಗಾಗಿ ಕಾಕಾನ ವಿರುದ್ಧ ನಡೆದ ಯುದ್ಧಕ್ಕೆ ಸಾಮಾನು ಹೋದದ್ದು ಕಾಕಾನ ದೇವರಮನೆಯಿಂದ. ಆದರೆ ಉಗಿ? ಬಾಯ್ಲರು ಎಲ್ಲಿಂದ ತರುವುದು?

"ಕೆಂಡಕ್ಕ ನೀರು ಹೊಡದ್ರ ಏನ್ ಬರ್ತೈತಿ?" ಎಂದು ಚಾಚಿ ಕೇಳಿದಳು. "ದಿನಾ ಅಡಿಗಿ ಆದ ಮ್ಯಾಲೆ ನೀರು ಹೊಡದು ಇದ್ದಲಿ ಉಳಸ್ತೀನಲ್ಲ, ಭುಸ್ ಅಂತ ಮಾರಿಗೆ ಹೊಡೀತೈತಲ್ಲ, ಅದೇನು?"

ಅದು ಉಗಿ. ನಾನು ಎರಡು ವರ್ಷ ರಸಾಯನಶಾಸ್ತ್ರ ಓದಿ ಅದನ್ನು ಬಾಯ್ಲರಿನಲ್ಲಿ ಹುಡುಕುತ್ತಿದ್ದೆ. ಚಾಚಿ ಕರಟವನ್ನು ಮಡಕೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಒಂದು ಬೆರಳು ಗಾತ್ರದ ತೂತು ಬಿಟ್ಟು, ಸುತ್ತ ಸೆಗಣಿಯ ಕುಳ್ಳು ಜೋಡಿಸಿ ಬೆಂಕಿ ಕೊಟ್ಟಳು. ಒಳಗೆ ಕೆಂಪಾದ ಮೇಲೆ ಆ ತೂತಿನಿಂದ ಚಮಚ ಚಮಚವಾಗಿ ನೀರು ಬಿಟ್ಟಳು. ಮಡಕೆ ಬುಸುಗುಟ್ಟಿತು. ಎರಡು ಮಡಕೆ ಒಡೆದವು, ಮೂರನೆಯದು ನಿಂತಿತು. ತಣ್ಣಗಾದ ಇದ್ದಿಲು ಹಗುರ. ಅಲ್ಲಾಡಿಸಿದರೆ ಬಳೆಯ ಸದ್ದು.

ಡಬ್ಬಿಗೆ ತುಂಬಿ, ಸ್ವಲ್ಪ ತೇವ ಮಾಡಿ, ಗಂಧಕ ಹೊತ್ತಿಸಿ, ತಿದಿ ಒತ್ತಿದೆವು. ನಾನು ಡಬ್ಬಿಯ ತಳಕ್ಕೆ ಮೂಗು ಹಚ್ಚಿ ನಿಂತೆ. ಏನೂ ಇಲ್ಲ. ಒದ್ದೆ ಮಣ್ಣಿನ ವಾಸನೆ. ಚಾಚಾ ನಂಬದೆ ತಾನೂ ಮೂಗು ಹಚ್ಚಿದ, ಆಮೇಲೆ ಚಾಚಿ. ಮೂವರೂ ಸರದಿಯಿಂದ ಡಬ್ಬಿಯನ್ನು ಮೂಸಿದೆವು.

"ಅಂದ್ರ ಈ ಇದ್ದಲಿ ಹೊಗಿಗೆ ಧರ್ಮಶಾಲಿ ಆತು," ಎಂದ ಚಾಚಾ. "ಎಲ್ಲಾ ಬಂದು ಇಳಕೊಂತಾವು."

"ಹೌದು."

"ಧರ್ಮಶಾಲಿ ತುಂಬಿದ್ರ?"

ಈ ಪ್ರಶ್ನೆ ಪುಸ್ತಕದಲ್ಲಿ ಇತ್ತು, ನಾನು ಆ ಪುಟದವರೆಗೆ ಹೋಗಿರಲಿಲ್ಲ. ಉತ್ತರ ನಾಲ್ಕನೆಯ ಸಲ ಗಂಧಕ ಸುಟ್ಟಾಗ ಸಿಕ್ಕಿತು. ಡಬ್ಬಿಯ ತಳದಿಂದ ಸಣ್ಣಗೆ ಘಾಟು ಬರಲು ಶುರುವಾಯಿತು. ಇದ್ದಿಲನ್ನು ನೀರಿನಲ್ಲಿ ತೊಳೆದೆವು. ತೊಳೆದ ನೀರನ್ನು ಚಾಚಾ ನಾಲಿಗೆಯ ತುದಿಗೆ ಹಚ್ಚಿ ಉಗುಳಿದ. "ಬೇಟಿ, ಇದು ತೇಜಾಬು!" ತೇಜಾಬು ಅಂದರೆ ಆಮ್ಲ; ಬಣ್ಣದವನಿಗೆ ಅದರ ರುಚಿ ಹೇಳಿಕೊಡಬೇಕಿಲ್ಲ. ಮರುದಿನದೊಳಗೆ ಅದು ತಗಡಿನ ಬಕೀಟಿನ ತಳ ತಿಂದಿತ್ತು, ನನ್ನ ಸೀರೆಯ ಅಂಚಿನಲ್ಲಿ ಏಳೆಂಟು ತೂತು ಮಾಡಿತ್ತು. ಚಾಚಾ ಮಾತ್ರ ಉಳಿದದ್ದನ್ನು ಮಣ್ಣಿನ ಗಡಿಗೆಯಲ್ಲಿ ತುಂಬಿಟ್ಟ; ಬಣ್ಣ ಹಾಕಿದ ರೇಷ್ಮೆಗೆ ಕೊನೆಯಲ್ಲಿ ಹೊಳಪು ಕೊಡಲು ಅಂಗಡಿಯಿಂದ ತರುತ್ತಿದ್ದುದು ಇದನ್ನೇ ಎಂದ. ಹೊಗೆ ಎಲ್ಲಿಗೂ ಹೋಗಿರಲಿಲ್ಲ, ನೋಡಿ. ಮೊದಲು ಇದ್ದಿಲಿಗೆ ಹೋಯಿತು, ಅಲ್ಲಿಂದ ಗಡಿಗೆಗೆ.

ತೊಳೆಯದೆ ಬಿಸಿ ಮಾಡಿದರೆ ಇನ್ನೊಂದು ದಾರಿಯೂ ಇತ್ತು: ಒಳಗೆ ಕೂತ ಹೊಗೆ ಎದ್ದು ಹೊರಗೇ ಬರುತ್ತದೆ. ಇಷ್ಟು ಹೊತ್ತಿಗೆ ನಾನು ಪುಸ್ತಕದ ಆ ಪುಟ ಮುಟ್ಟಿದ್ದೆ, ಹಿತ್ತಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಯೂ ಇದ್ದೆ. ನಾನು ಏನು ಹೇಳಿದರೂ ಎಲ್ಲರಿಗೂ ಕೇಳುವಂತೆಯೇ ಹೇಳುವುದು. ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಹಳೆಯ ಇದ್ದಿಲು ಹೊಗೆಯಿಂದ ಮತ್ತೆ ತುಂಬಿತ್ತು, ತೊಳೆಯಲು ಪುರುಸೊತ್ತಿರಲಿಲ್ಲ. ಚಾಚಿ ಅದನ್ನು ತಗಡಿನ ಮೇಲೆ ಹರವಿ ಹಿತ್ತಲ ಗೋಡೆಯ ಮೇಲೆ ಒಣಗಲು ಇಟ್ಟಳು. ಡಬ್ಬಿಗೆ ಹೊಸ ಇದ್ದಿಲು ಹಾಕಿದೆವು.

ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಕಾಲು ಗಂಟೆಗೊಮ್ಮೆ ನಶ್ಯ ಏರಿಸುವ ಮನುಷ್ಯ. ಕಾಕಾ ಅಂದು ಕೋರ್ಟು ಬಿಟ್ಟು ಕರಿಕೋಟು ತೊಟ್ಟು ಚಾಚಾನ ಅಂಗಳದಲ್ಲಿ ಮೊದಲ ಸಲ ನಿಂತಿದ್ದ. ಚಾಚಾ ತಿದಿ ಒತ್ತಲು ತೊಡಗಿದ. ಸಾಹೇಬರು ಡಬ್ಬಿಯ ತಳ ಮೂಸಿ, "ಏನೂ ವಾಸನಿ ಇಲ್ಲಲ್ರಿ" ಎಂದರು.

"ಮೂಗಿನ ತುಂಬ ನಶ್ಯ ಇಟ್ಟಕೊಂಡ್ರ ವಾಸನಿ ಎಲ್ಲಿಂದ ಬರಬೇಕ್ರಿ?" ಎಂದ ಕಾಕಾ.

ನಿಜ ಹೇಳಬೇಕೆಂದರೆ ನನ್ನ ಅನುಮಾನವೂ ಅದೇ ಇತ್ತು. ಆ ಮೂಗಿನ ಮಾತನ್ನು ಯಾವ ಚರ್ಚೆಯಲ್ಲೂ ನಾನು ಒಪ್ಪಿಕೊಳ್ಳುತ್ತಿರಲಿಲ್ಲ. "ಹಂಗಾರ ದಾಸವಾಳನ್ನ ಕೇಳೂಣು, ಕಾಕಾ. ಎರಡು ಹೂವು ಕೊಡು." ಒಂದು ಒದ್ದೆ ಹೂವನ್ನು ಡಬ್ಬಿಯ ತಳಕ್ಕೆ ಕಟ್ಟಿದೆ. ಇನ್ನೊಂದನ್ನು ಬಾಗಿಲಿನ ಸಂದಿಯಲ್ಲಿ ಸೆಗಣಿ ಕೆರೆದು ಅಲ್ಲಿ ಸಿಕ್ಕಿಸಿದೆ. ಸಂದಿಯ ಹೂವು ನೋಡುನೋಡುತ್ತ ಬಿಳಿಚಿಕೊಂಡಿತು. ಡಬ್ಬಿಯ ಹೂವು ಗಣಪತಿಯ ತಲೆಗೇ ಏರುವಷ್ಟು ಕೆಂಪಗಿತ್ತು.

"ಇದು ಜಾದೂ ಐತಲ್ಲವಾ!" ಎಂದು ಸಾಹೇಬರು ಪೆನ್ನು ತೆಗೆದರು.

ಕಾಕಾ ಕೈ ಅಡ್ಡ ಮಾಡಿದ. "ಹೂವಿನ ಸಾಕ್ಷಿ ಕಾಯ್ದೇದಾಗ ನಡಿಯಂಗಿಲ್ರಿ. ತ್ರಾಸು ಆಗೋದು ನನ್ನ ಮನ್ಯಾಗ. ಅಲ್ಲಿ ಬಂದು ಅರ್ಧ ತಾಸು ಕೂಡ್ರಿ, ಚಹಾ ತಗೋರಿ. ಇವರು ತಿದಿ ಒತ್ತಲಿ. ವಾಸನಿ ಬಂದ್ರ ಬೀಗ, ಇಲ್ಲಾಂದ್ರ ನಾನಽ ಅರ್ಜಿ ವಾಪಸ್ ತಗೊಂತೀನಿ." ನ್ಯಾಯವಾದ ಮಾತು. ಸಾಹೇಬರು ಒಪ್ಪಿದರು. ಚಾಚಾ ನನ್ನ ಮುಖ ನೋಡಿದ. ಡಬ್ಬಿಯ ಮೇಲೆ ನನಗೆ ನಂಬಿಕೆಯಿತ್ತು, ಆಗಲಿ ಎಂದು ತಲೆಯಾಡಿಸಿದೆ.

ನಾವು ಪಡಸಾಲೆಯಲ್ಲಿ ಕೂತೆವು. ಕಾಕಾ ಒಳಕ್ಕೆ "ಎರಡು ಕಪ್ ಚಹಾ" ಎಂದು ಕೂಗಿದ. ಸೀಮೆಎಣ್ಣೆ ಸಿಗದ ದಿನಗಳಾದ್ದರಿಂದ ಚಹಾ ಆಗುತ್ತಿದ್ದುದು ಇದ್ದಿಲಿನ ಒಲೆಯ, ನಮ್ಮ ಶೆಗಡಿಯ, ಮೇಲೆ. ಹತ್ತು ನಿಮಿಷ ಏನೂ ಇಲ್ಲ. ಕಾಕಾನ ಮುಖ ಸಣ್ಣದಾಗುತ್ತ ಬಂತು. ಆಮೇಲೆ ಸಾಹೇಬರು ಒಮ್ಮೆ ಕೆಮ್ಮಿದರು. ಇನ್ನೊಮ್ಮೆ. ನನ್ನ ಗಂಟಲಿಗೂ ಯಾರೋ ಚಿವುಟಿದರು.

"ಬಂತು!" ಕಾಕಾ ಜಿಗಿದೆದ್ದ. ಕಣ್ಣಲ್ಲಿ ನೀರು, ಮುಖದಲ್ಲಿ ಹಬ್ಬ. "ಬಂತ್ ನೋಡ್ರಿ! ಬರಕೋರಿ! ಈಗ್ಯಾಕ ಸುಮ್ನದಿ, ಏ ಕಪ್ ಗೆದ್ದಾಕಿ?"

ಹಿತ್ತಲಿಗೆ ಓಡಿದೆ. ಗೋಡೆಯಾಚೆ ಚಾಚಾ ತಿದಿ ಒತ್ತುತ್ತಲೇ ಇದ್ದ. ನಮ್ಮ ಕೆಮ್ಮು ಅವನಿಗೆ ಕೇಳಿಸಿತ್ತು, ಅವನ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ಹಿತ್ತಲಿನಲ್ಲಿ ಗಾಳಿ ತಿಳಿಯಾಗಿತ್ತು. ಅಲ್ಲಿ ಕೆಮ್ಮು ನಿಂತಿತು! ಒಳಗೆ ಬಂದರೆ ಮತ್ತೆ ಶುರು. ನಾನು ಕಾರಣ ಹಚ್ಚುವ ಮೊದಲೇ ಸಾಹೇಬರು ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಘಾಟು ಎಲ್ಲಿ ಹೆಚ್ಚೋ ಆ ಕಡೆ ಹೆಜ್ಜೆ ಹಾಕುತ್ತ ಅಡಿಗೆಮನೆಯ ಬಾಗಿಲು ಮುಟ್ಟಿದ್ದರು. ಶೆಗಡಿಯಲ್ಲಿ ಕೆಂಡ ಕೆಂಪಗೆ ಉರಿಯುತ್ತಿತ್ತು. ಮೇಲೆ ಚಹಾ ಕುದಿಯುತ್ತಿತ್ತು. ಚಿಗವ್ವ ಮೂಗಿಗೆ ಸೆರಗು ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಆತ್ರೀ, ಚಹಾ ಆತು," ಎಂದಳು.

ಸಾಹೇಬರು ಕೆಮ್ಮಿನ ನಡುವೆ ಒಂದೊಂದೇ ಮಾತು ಹೊರಡಿಸಿದರು. "ವಕೀಲ ಸಾಹೇಬ್ರ... ನೀವೂ... ಮನ್ಯಾಗ ರೇಷ್ಮಿ ಧಂದೆ ಇಟ್ಟೀರೇನ್ರಿ?"

ಕಾಕಾ ಶೆಗಡಿ ನೋಡಿದ, ಚಿಗವ್ವನನ್ನು ನೋಡಿದ, ನನ್ನನ್ನು ನೋಡಿದ. ಆತನ ಹತ್ತಿರ ಮಾತು ಮುಗಿದದ್ದನ್ನು ಆ ಮನೆಯಲ್ಲಿ ನಾನು ಕಂಡದ್ದು ಅದೊಂದೇ ಸಲ. ಸಾಹೇಬರು ಬೀದಿಗೆ ಹೋಗಿ ನಿಂತು, ಎದುರು ಮನೆಯವರ ಕಟ್ಟೆಯ ಮೇಲೆ ಕಾಗದ ಇಟ್ಟು ಬರೆದರು: ರಂಗರೇಜನ ಕೋಣೆಯಿಂದ ಹೊಗೆ ಹೊರಬೀಳುವುದಿಲ್ಲ, ಘಾಟು ಇರುವುದು ಅರ್ಜಿದಾರರ ಅಡಿಗೆಮನೆಯಲ್ಲಿ. ಕಾಕಾ ಅರ್ಜಿ ವಾಪಸು ಪಡೆದ. ಆಡಿದ ಮಾತಿಗೆ ತಪ್ಪುವವನಲ್ಲ ಆತ. ಚಹಾವನ್ನೂ ಕುಡಿದ, ಎರಡೂ ಕಪ್ಪು, ಮುಖ ಕಿವುಚದೆ.

ಗೋಡೆಯಾಚೆ ಚಾಚಾ ತಿದಿಯ ಮೇಲೇ ಕುಳಿತುಬಿಟ್ಟಿದ್ದ. ಚಾಚಿ ಅವನಿಗೆ ನೀರು ಕೊಟ್ಟು, ಆಮೇಲೆ ಗೋಡೆಯ ಮೇಲಿನ ತಗಡನ್ನು ತೆಗೆದುಕೊಂಡು ಒಳಗೆ ಹೋದಳು. ತಗಡಿನಲ್ಲಿ ಇದ್ದಿಲು ಅರ್ಧವಷ್ಟೇ ಉಳಿದಿತ್ತು.

ನನ್ನ ಕರಟದ ಇದ್ದಿಲು ಗೆದ್ದಿತೋ? ಗೆದ್ದಿತು, ಅದನ್ನು ಬಿಟ್ಟುಕೊಡಲಾರೆ. ಆದರೆ ಶೆಗಡಿಯಲ್ಲಿ ಬೇರೆ ಇದ್ದಿಲು ಉರಿದಿದ್ದರೆ? ಅರ್ಧ ತಾಸು ಏನೂ ಆಗದೆ ಮುಗಿಯುತ್ತಿತ್ತು, ಕಾಕಾ ಸೋಲುತ್ತಿದ್ದ, ಮುಂದಿನ ತಿಂಗಳು ಇನ್ನೊಂದು ಅರ್ಜಿ ಬರೆಸುತ್ತಿದ್ದ. ಆತನನ್ನು ಬಲ್ಲವರಿಗೆ ಇದರಲ್ಲಿ ಸಂಶಯವಿಲ್ಲ. ಈಗ ಆತ ಮುನಸಿಪಾಲಿಟಿಯ ದಾರಿಯಲ್ಲೇ ನಡೆಯುವುದಿಲ್ಲ. ದೂರವಾದರೂ ಸುತ್ತು ಹಾಕಿ ಹೋಗುತ್ತಾನೆ.

ಆ ಸಂಜೆ ಚಿಗವ್ವ ಶೆಗಡಿಯ ಬೂದಿ ತೆಗೆಯುತ್ತಿದ್ದಳು. "ಮನ್ಯಾಗ ಇದ್ದಲಿ ತೀರಿತ್ತು, ಮರತು ಗೋಡಿ ಮ್ಯಾಲಿಂದು ತಂದೆ" ಎಂದು ಆಕೆ ಕಾಕಾನಿಗೆ ಆಗಲೇ ಹೇಳಿದ್ದಳು. ನಾನು ಮೂಲೆಯ ಡಬ್ಬದ ಮುಚ್ಚಳ ತೆಗೆದೆ. ಒಳಗೆ ಒಳ್ಳೆಯ ಇದ್ದಿಲು ಬಾಯಿಮಟ ತುಂಬಿತ್ತು. ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಆಕೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಚಿಗವ್ವ, ನಾ ಮೊನ್ನೆ ಹಿತ್ತಲದಾಗ ನಿಂತು ಹೇಳಿದ್ದು ನಿನಗ ಎಷ್ಟು ಕೇಳಿತ್ತು?"